ಗರುಗದ ಎಣ್ಣೆ ಮಳೆಗಾಲದಲ್ಲೇ ಯಾಕೆ ಕೆಡುತ್ತದೆ?

ಶಿರಸಿ ಕಡೆಯ ಓದುಗರೊಬ್ಬರ ಪ್ರಶ್ನೆ:

"ನಮ್ಮ ಸ್ವಸಹಾಯ ಸಂಘದ ಆರು ಜನ ಸೇರಿ ತಿಂಗಳಿಗೆ ಹತ್ತು ಲೀಟರ್ ಕೂದಲೆಣ್ಣೆ ಕಾಯಿಸುತ್ತೇವೆ. ನಮ್ಮ ಅತ್ತೆ ಹೇಳಿಕೊಟ್ಟ ಕ್ರಮ. ಗಾಣದ ಕೊಬ್ಬರಿ ಎಣ್ಣೆಗೆ ಗರುಗ, ಒಂದೆಲಗ, ದಾಸವಾಳದ ಎಲೆ, ಕರಿಬೇವು ಅರೆದು ಹಾಕಿ, ನೆಲ್ಲಿಕಾಯಿ ರಸ ಸೇರಿಸಿ ಕಬ್ಬಿಣದ ಬಾಣಲೆಯಲ್ಲಿ ಕಾಯಿಸುವುದು. ಕಡು ಹಸಿರು ಬಣ್ಣ ಬರುತ್ತದೆ. ಬೇಸಿಗೆಯಲ್ಲಿ ಮಾಡಿದ್ದು ಐದಾರು ತಿಂಗಳು ಚೆನ್ನಾಗಿರುತ್ತದೆ. ಜೂನ್, ಜುಲೈನಲ್ಲಿ ಮಾಡಿದ್ದು ಮಾತ್ರ ಎರಡೇ ತಿಂಗಳಿಗೆ ಹಳೇ ಕೊಬ್ಬರಿ ವಾಸನೆ, ಒಂಥರಾ ಸೋಪಿನ ಹಾಗೆ. ಕೆಲವು ಬಾಟಲಿಯ ತಳದಲ್ಲಿ ಬಿಳಿ ಬಿಳಿ ಕಾಣಿಸುತ್ತದೆ. ಲೀಟರಿಗೆ ಹತ್ತು ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿದರೂ ಪ್ರಯೋಜನ ಆಗಲಿಲ್ಲ. ಒಬ್ಬರು ಸೋಡಿಯಂ ಬೆಂಜೋಯೇಟ್ ಹಾಕಿ ಅನ್ನುತ್ತಾರೆ, ಒಬ್ಬರು ಕರ್ಪೂರ, ಇನ್ನೊಬ್ಬರು ಬಿಸಿಲಿಗಿಡಿ ಅನ್ನುತ್ತಾರೆ. ಕೆಮಿಕಲ್ ಹಾಕದೆ ಒಂದು ವರ್ಷ ಇಡಲು ಆಗುತ್ತದಾ? ಈಗ ಹದಿನಾಲ್ಕು ಬಾಟಲಿ ವಾಪಸ್ ಬಂದಿವೆ. ಅವನ್ನೇನು ಮಾಡೋದು?"

ಮೇಡಂ, ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಅದೇ ಕೈ, ಅದೇ ಬಾಣಲೆ, ಅದೇ ಎಲೆ. ಬೇಸಿಗೆಯದ್ದು ಉಳಿಯುತ್ತದೆ, ಮಳೆಗಾಲದ್ದು ಕೆಡುತ್ತದೆ. ಹಾಗಿದ್ದರೆ ಎಣ್ಣೆಗೆ ಏನೋ ಒಂದು ಸಾಮಾನು ಕಡಿಮೆ ಬಿದ್ದಿದೆ ಅಂತ ಹುಡುಕುವುದು ಯಾಕೆ? ಅದರಲ್ಲಿ ನೀರು ಜಾಸ್ತಿ ಉಳಿದಿದೆ. ನಾನು ತೈಲ ತಯಾರಿಸುವ ಫಾರ್ಮಸಿಗಳಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವನು. ಕೆಟ್ಟ ಎಣ್ಣೆ ಅಂತ ನನ್ನ ಮೇಜಿಗೆ ಬಂದ ಬಾಟಲಿಗಳಲ್ಲಿ ಜಾಸ್ತಿಯವು ಕೆಟ್ಟಿದ್ದು ಒಲೆಯ ಮೇಲಿಂದ ಬೇಗ ಇಳಿಸಿದ್ದಕ್ಕೆ.

ಮೊದಲು ವಾಸನೆ ವಿಷಯ ನೋಡೋಣ, ಯಾಕೆಂದರೆ ಎಣ್ಣೆ ಎರಡು ಮೂರು ರೀತಿಯಲ್ಲಿ ಕೆಡುತ್ತದೆ, ಮತ್ತು ಒಂದೊಂದಕ್ಕೂ ಬೇರೆ ಬೇರೆ ವಾಸನೆ. ಹಳೇ ಪೇಂಟ್ ಡಬ್ಬಿ ಮುಚ್ಚಳ ತೆಗೆದ ಹಾಗೆ, ಮೂಗಿಗೆ ಚುಚ್ಚುವ ಕಮಟು ಬಂದರೆ ಅದು ಗಾಳಿ ಮತ್ತು ಬೆಳಕಿನ ಕೆಲಸ. ಗಾಳಿಯ ಆಮ್ಲಜನಕ ಎಣ್ಣೆಯ ಕೊಬ್ಬಿಗೆ ಅಂಟಿಕೊಂಡು ಅದನ್ನು ಮುರಿಯುತ್ತಾ ಹೋಗುತ್ತದೆ. ಅಗಸೆ ಎಣ್ಣೆ, ಕುಸುಬೆ ಎಣ್ಣೆಗೆ ಇದು ಬೇಗ ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಈ ವಿಷಯದಲ್ಲಿ ಗಟ್ಟಿ. ಅದರಲ್ಲಿ ಶೇಕಡಾ 90ರಷ್ಟು ಸ್ಯಾಚುರೇಟೆಡ್ ಕೊಬ್ಬು, ಅದರ ಮೇಲೆ ಆಮ್ಲಜನಕದ ಆಟ ಅಷ್ಟು ಸುಲಭಕ್ಕೆ ನಡೆಯುವುದಿಲ್ಲ.

ಸೋಪಿನ ವಾಸನೆ ಬೇರೆ. ನೀರಿನ ಪಸೆ ಇದ್ದಾಗ ಕೊಬ್ಬು ಒಡೆದು ಅದರೊಳಗಿನ ಲಾರಿಕ್ ಆಮ್ಲದಂಥವು ಬಿಡುಗಡೆಯಾಗುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಲಾರಿಕ್ ಆಮ್ಲವೇ. ಸೋಪಿನಲ್ಲಿರುವುದೂ ಅದರ ಬಳಗವೇ, ಹಾಗಾಗಿ ಆ ವಾಸನೆ. ಇನ್ನು ನೀವು ಬರೆದ 'ಹಳೇ ಕೊಬ್ಬರಿ ವಾಸನೆ' ಬೂಷ್ಟಿನದು. ಪಸೆ ಇರುವ ಕಡೆ ಬೂಷ್ಟು ಬೆಳೆದು ಈ ಆಮ್ಲಗಳನ್ನು ಕೀಟೋನ್ ಎಂಬ ವಸ್ತುವಾಗಿ ಬದಲಿಸುತ್ತದೆ. ಎರಡಕ್ಕೂ ನೀರು ಬೇಕೇ ಬೇಕು. ನೀರಿಲ್ಲದ ಶುದ್ಧ ಎಣ್ಣೆಯಲ್ಲಿ ಬೂಷ್ಟು ಬೆಳೆಯುವುದಿಲ್ಲ.

ತಳದಲ್ಲಿ ಕಂಡ ಬಿಳಿಗೆ ಗಾಬರಿ ಆಗುವ ಮೊದಲು ಬಾಟಲಿಯನ್ನು ಐದು ನಿಮಿಷ ಅಂಗೈಯಲ್ಲಿ ಹಿಡಿದುಕೊಳ್ಳಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೆಪ್ಪುಗಟ್ಟುತ್ತದೆ, ಮಲೆನಾಡಿನ ಮಳೆಗಾಲದ ರಾತ್ರಿಗೆ ಅದು ಸಾಕು. ಕೈಬಿಸಿಗೆ ಕರಗಿ ಮಾಯವಾದರೆ ಅದು ಬರೀ ಎಣ್ಣೆ. ಕರಗದೆ ಹತ್ತಿಯ ಎಳೆಯ ಹಾಗೆ ಅಲುಗಾಡಿದರೆ, ಇಲ್ಲವೇ ತಳದಲ್ಲಿ ಬೇರೆಯಾದ ಸಣ್ಣ ಗುಳ್ಳೆಯಂಥ ಹನಿ ಜಾರಾಡಿದರೆ, ಅದು ಬೂಷ್ಟು ಅಥವಾ ನೀರು. ವಾಪಸ್ ಬಂದ ಬಾಟಲಿಗಳಲ್ಲಿ ಕೆಲವು ಸುಮ್ನೆ ಹೆಪ್ಪುಗಟ್ಟಿದ್ದಕ್ಕೇ ವಾಪಸ್ ಬಂದಿರಲೂಬಹುದು!

ಈಗ ಜನ ಹೇಳಿದ ಮದ್ದುಗಳ ವಿಚಾರ.

ವಿಟಮಿನ್ ಇ ಕ್ಯಾಪ್ಸೂಲ್. ಇದರ ಬಗ್ಗೆ ನನಗೆ ವಾರಕ್ಕೊಂದು ಪ್ರಶ್ನೆ ಬರುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಹಸಿರು ಕ್ಯಾಪ್ಸೂಲಿನ ಪಟ್ಟಿಯ ಹಿಂದೆ ಸಣ್ಣ ಅಕ್ಷರ ಓದಿ. 'ಟೋಕೋಫೆರಿಲ್ ಅಸಿಟೇಟ್' ಅಂತ ಇರುತ್ತದೆ. ವಿಟಮಿನ್ ಇ ಎಣ್ಣೆಯನ್ನು ಕಾಯುವುದು ತನ್ನ ಒಂದು ಕೈಯಿಂದ. ಅಸಿಟೇಟ್ ರೂಪದಲ್ಲಿ ಆ ಕೈಯನ್ನೇ ಕಟ್ಟಿಹಾಕಿರುತ್ತಾರೆ, ಮಾತ್ರೆಯೊಳಗೆ ಅದೇ ಕೆಡದಿರಲಿ ಅಂತ. ನಮ್ಮ ಹೊಟ್ಟೆಗೆ ಹೋದ ಮೇಲೆ ಕಟ್ಟು ಬಿಚ್ಚುತ್ತದೆ. ಬಾಟಲಿಯಲ್ಲಿ ಬಿಚ್ಚುವವರು ಯಾರೂ ಇಲ್ಲ. ಹಾಗಾಗಿ ನೀವು ಲೀಟರಿಗೆ ಹತ್ತು ಹಾಕಿ, ಇಪ್ಪತ್ತು ಹಾಕಿ, ಎಣ್ಣೆಗೆ ಕಾವಲು ಸಿಗುವುದಿಲ್ಲ. ಕಟ್ಟು ಇಲ್ಲದ ಟೋಕೋಫೆರಾಲ್ ಬೇರೆ ಸಿಗುತ್ತದೆ, ಅದರ ಮಾತು ಮುಂದೆ ಬರುತ್ತದೆ. ಆದರೆ ಅದೂ ತಡೆಯುವುದು ಗಾಳಿಯಿಂದಾಗುವ ಕೇಡನ್ನು ಮಾತ್ರ, ಬೂಷ್ಟನ್ನಲ್ಲ.

ಸೋಡಿಯಂ ಬೆಂಜೋಯೇಟ್ ಎಣ್ಣೆಯಲ್ಲಿ ಕರಗುವುದೇ ಇಲ್ಲ. ಅದು ಹುಳಿ ಇರುವ, ನೀರಿರುವ ವಸ್ತುವಿಗೆ. ಜ್ಯೂಸು, ಸ್ಕ್ವಾಷು, ಉಪ್ಪಿನಕಾಯಿಗೆ ಸರಿ. ಎಣ್ಣೆಗೆ ಹಾಕಿದರೆ ರವೆಯ ಹಾಗೆ ತಳದಲ್ಲಿ ಕೂರುತ್ತದೆ ಅಷ್ಟೇ.

ಕರ್ಪೂರ ವಾಸನೆಯನ್ನು ಮುಚ್ಚುತ್ತದೆ, ಕೇಡನ್ನು ನಿಲ್ಲಿಸುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ: ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಕರ್ಪೂರದ ಎಣ್ಣೆ ಅಪಾಯ. ಸ್ವಲ್ಪ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು. ಕೂದಲೆಣ್ಣೆಯನ್ನು ತಾಯಿ ಹಚ್ಚಿಕೊಂಡು ಅದೇ ಕೈಯಲ್ಲಿ ಕೂಸಿಗೂ ಸವರುವುದು ನಮ್ಮಲ್ಲಿ ಇದ್ದದ್ದೇ ಅಲ್ವಾ. ಬೇಡ.

ಬಿಸಿಲು? ಖಾಲಿ ಬಾಟಲಿಗೆ ಬಿಸಿಲು ತೋರಿಸಿ. ತುಂಬಿದ ಎಣ್ಣೆಗೆ ಮಾತ್ರ ಬೇಡ. ನೀವು ಹೆಮ್ಮೆಯಿಂದ ಬರೆದ ಆ ಹಸಿರು ಇದೆಯಲ್ಲ, ಅದು ಎಲೆಯ ಕ್ಲೋರೊಫಿಲ್. ಕತ್ತಲಲ್ಲಿ ಅದು ಪಾಪದ್ದು, ಏನೂ ಮಾಡುವುದಿಲ್ಲ. ಬೆಳಕು ಬಿದ್ದರೆ ಆ ಬೆಳಕಿನ ಶಕ್ತಿ ಹೀರಿಕೊಂಡು ಪಕ್ಕದ ಆಮ್ಲಜನಕವನ್ನು ಕೆರಳಿಸುತ್ತದೆ. ಬಿಳಿ ಬಾಟಲಿಯಲ್ಲಿ ಬಿಸಿಲಿಗಿಟ್ಟ ಹಸಿರು ಎಣ್ಣೆ, ಅದೇ ಬಿಸಿಲಿಗಿಟ್ಟ ಬರೀ ಕೊಬ್ಬರಿ ಎಣ್ಣೆಗಿಂತ ಬೇಗ ಕೆಡುತ್ತದೆ. ಗಿರಾಕಿಗೆ ಹಸಿರು ಕಾಣಬೇಕು ಅಂತ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ಜೋಡಿಸುತ್ತಾರಲ್ಲ, ಅಲ್ಲೇ ಅದರ ಆಯಸ್ಸು ಅರ್ಧ ಮುಗಿಯಿತು.

'ಗಾಣದ ಎಣ್ಣೆ ತಾನಾಗಿಯೇ ಉಳಿಯುತ್ತದೆ' ಅನ್ನುವ ನಂಬಿಕೆಯೂ ಇದೆ. ನಾನೂ ಗಾಣದ್ದೇ ಬಳಸುತ್ತೇನೆ. ಆದರೆ ಗಾಣದಿಂದ ಆಗಷ್ಟೇ ಇಳಿದ ಎಣ್ಣೆಯಲ್ಲಿ ಗಸಿ ಇರುತ್ತದೆ, ಗಸಿಯಲ್ಲಿ ಪಸೆ ಇರುತ್ತದೆ. ಕೊಬ್ಬರಿ ಸರಿಯಾಗಿ ಒಣಗಿಲ್ಲದಿದ್ದರೆ, ಒಳಗೆ ಸ್ವಲ್ಪ ಬೂಷ್ಟು ಹಿಡಿದಿದ್ದರೆ, ಆ ವಾಸನೆ ಎಣ್ಣೆ ಜೊತೆಗೇ ನಿಮ್ಮ ಬಾಣಲೆಗೆ ಬಂತು ಅಂತ ಲೆಕ್ಕ. ಮಳೆಗಾಲದಲ್ಲಿ ಆಡಿಸಿದ ಎಣ್ಣೆ ತರುವಾಗ ಒಂದು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸಿ. ಸಂದೇಹ ಬಂದರೆ ತರಬೇಡಿ. ಸಾಧ್ಯವಾದರೆ ಏಪ್ರಿಲ್, ಮೇನಲ್ಲೇ ಎಣ್ಣೆ ಆಡಿಸಿ, ವಾರ ತಿಳಿಯಲು ಬಿಟ್ಟು, ಮೇಲಿನದು ಮಾತ್ರ ತೆಗೆದಿಟ್ಟುಕೊಳ್ಳಿ. ಎಲೆಗಳಿಗೂ ಇದೇ ಮಾತು, ಬೇಸಿಗೆಯಲ್ಲೇ ನೆರಳಲ್ಲಿ ಒಣಗಿಸಿಟ್ಟುಕೊಂಡರೆ ಮಳೆಗಾಲದಲ್ಲಿ ಅರ್ಧ ಕಷ್ಟ ತಪ್ಪುತ್ತದೆ.

ಇನ್ನು ಹದದ ವಿಚಾರಕ್ಕೆ ಬರುತ್ತೇನೆ. ನನ್ನ ಪ್ರಕಾರ ಇಡೀ ಪ್ರಶ್ನೆ ಇಲ್ಲಿದೆ.

ತೈಲ ಕಾಯಿಸಲು ಹಳಬರ ಲೆಕ್ಕ ಒಂದು ಪಾಲು ಕಲ್ಕ (ಅರೆದ ಎಲೆಯ ಮುದ್ದೆ), ನಾಲ್ಕು ಪಾಲು ಎಣ್ಣೆ, ಹದಿನಾರು ಪಾಲು ರಸ ಅಥವಾ ಕಷಾಯ. ಒಂದು ಲೀಟರ್ ಎಣ್ಣೆಗೆ ಕಾಲು ಕಿಲೋ ಅರೆದ ಎಲೆ, ನಾಲ್ಕು ಲೀಟರ್ ರಸ. ಅಷ್ಟೂ ನೀರು ಆವಿಯಾಗಿ ಹೋಗಬೇಕು. ಇದು ಒಂದು ಗಂಟೆಯ ಕೆಲಸ ಅಲ್ಲ. ಶಾರ್ಙ್ಗಧರ ಸಂಹಿತೆ ಎಂಬ ಹಳೆಯ ಆಯುರ್ವೇದ ಗ್ರಂಥದಲ್ಲಿ ಪಾಕಕ್ಕೆ, ಅಂದರೆ ಕಾಯಿಸುವ ಹದಕ್ಕೆ, ಮೂರು ಹಂತ ಹೇಳಿದ್ದಾರೆ: ಮೃದು, ಮಧ್ಯ, ಖರ. ಕಲ್ಕದಲ್ಲಿ ಇನ್ನೂ ಸ್ವಲ್ಪ ರಸ ಇರುವಾಗ ಮೃದು, ರಸ ಹೋಗಿ ಕಲ್ಕ ಮೆತ್ತಗಿದ್ದರೆ ಮಧ್ಯ, ಕಲ್ಕ ಸ್ವಲ್ಪ ಗಟ್ಟಿಯಾದರೆ ಖರ. ಮೂಗಿಗೆ ಬಿಡುವ ಎಣ್ಣೆಗೆ ಮೃದುಪಾಕ, ಮೈಗೆ ಹಚ್ಚುವುದಕ್ಕೆ ಖರಪಾಕ ಅಂತ ಅಲ್ಲೇ ಇದೆ. ಅಂದರೆ ತಲೆಗೆ, ಮೈಗೆ ಹಚ್ಚಲು ತಿಂಗಳುಗಟ್ಟಲೆ ಇಡುವ ಎಣ್ಣೆಯನ್ನು ಎಲ್ಲಕ್ಕಿಂತ ಒಣ ಹದಕ್ಕೆ ತರಬೇಕು. ನಾವೇನು ಮಾಡುತ್ತೇವೆ? ಹಸಿರು ಹೋಗಿಬಿಡುತ್ತದೆ ಅಂತ ಹೆದರಿ ಮೃದುವಿನಲ್ಲೇ ಇಳಿಸುತ್ತೇವೆ.

ಹದ ನೋಡುವುದು ಹೀಗೆ. ಶುರುವಿನಲ್ಲಿ ಎಣ್ಣೆ ದೊಡ್ಡ ದೊಡ್ಡ ಗುಳ್ಳೆ ಎಬ್ಬಿಸಿ ಗದ್ದಲ ಮಾಡುತ್ತದೆ. ನೀರು ಇರುವವರೆಗೂ ಶಾಖ 100 ಡಿಗ್ರಿಯ ಸುತ್ತಮುತ್ತಲೇ ನಿಂತಿರುತ್ತದೆ, ಎಷ್ಟೇ ಉರಿ ಕೊಟ್ಟರೂ. ಮೆಲ್ಲಗೆ ಗದ್ದಲ ಕಡಿಮೆಯಾಗುತ್ತದೆ, ಗುಳ್ಳೆ ಸಾಸಿವೆಯಷ್ಟು ಸಣ್ಣದಾಗುತ್ತದೆ, ಮೇಲೆ ನೊರೆ ಕಟ್ಟುತ್ತದೆ. ತುಪ್ಪದಲ್ಲಾದರೆ ನೊರೆ ಇಳಿದಾಗ ಹದ, ಎಣ್ಣೆಯಲ್ಲಿ ನೊರೆ ಎದ್ದಾಗ ಹದ. ಆಗ ಸೌಟಿನ ತುದಿಯಲ್ಲಿ ಸ್ವಲ್ಪ ಕಲ್ಕ ತೆಗೆದು, ಆರಿಸಿ, ಹೆಬ್ಬೆರಳು ತೋರುಬೆರಳ ಮಧ್ಯೆ ಹೊಸಕಿ. ಬತ್ತಿಯ ಹಾಗೆ ಉದ್ದಕ್ಕೆ ಬರಬೇಕು, ಬೆರಳಿಗೆ ಅಂಟಬಾರದು. ಆ ಬತ್ತಿಯನ್ನು ಬೆಂಕಿಗೆ ಹಿಡಿಯಿರಿ. ಚಟಪಟ ಅಂದರೆ ನೀರಿದೆ. ಸದ್ದಿಲ್ಲದೆ ಉರಿದರೆ ಹದ ಬಂದಿದೆ.

ಇಲ್ಲಿಂದ ಮುಂದಿನ ಹತ್ತು ನಿಮಿಷ ಬಾಣಲೆ ಬಿಟ್ಟು ಏಳಬೇಡಿ. ನೀರು ಮುಗಿದ ಕೂಡಲೇ ಶಾಖ ಸರ್ರನೆ ಮೇಲೇರುತ್ತದೆ, ಕಲ್ಕ ಸೀದು ಹೋಗುತ್ತದೆ. ಸೀದ ಎಣ್ಣೆ ದಗ್ಧಪಾಕ, ಅದು ಯಾವುದಕ್ಕೂ ಬೇಡ. ಅಡುಗೆಯ ಥರ್ಮಾಮೀಟರ್ ಒಂದು ಕೊಂಡುಕೊಳ್ಳಿ. ಅಜ್ಜಿಯರಿಗೆ ಬೇಕಿರಲಿಲ್ಲ, ನಿಜ, ಅವರು ದಿನಾ ಕಾಯಿಸುತ್ತಿದ್ದರು. ಮುಳ್ಳು 105 ದಾಟಿದಾಗ ಉರಿ ತೀರಾ ಸಣ್ಣ ಮಾಡಿ, 110ರಿಂದ 115ರ ನಡುವೆ ಹತ್ತು ನಿಮಿಷ ಇಟ್ಟು ಇಳಿಸಿ, ಬಿಸಿ ಇರುವಾಗಲೇ ಒಣ ಬಟ್ಟೆಯಲ್ಲಿ ಸೋಸಿ. ಹಸಿರು ಸ್ವಲ್ಪ ಕಂದಾಗುತ್ತದೆ. ಆಗಲಿ ಬಿಡಿ.

ನನ್ನದೇ ಒಂದು ಕತೆ ಹೇಳಿಬಿಡುತ್ತೇನೆ. ಒಂದು ಜುಲೈ ಸಂಜೆ ನಲವತ್ತು ಲೀಟರ್ ಎಣ್ಣೆ ಒಲೆಯ ಮೇಲಿತ್ತು. ಕರೆಂಟ್ ಹೋಯಿತು, ಕೆಲಸದವರಿಗೆ ಕೊನೆಯ ಬಸ್ಸಿನ ಅವಸರ. ನೊರೆ ಎದ್ದಿದೆಯಲ್ಲ ಸಾಕು ಅಂತ ಬತ್ತಿ ಪರೀಕ್ಷೆ ಮಾಡದೆ ಇಳಿಸಲು ಹೇಳಿದವನು ನಾನೇ. ಆರೇ ವಾರಕ್ಕೆ ಅಷ್ಟೂ ಎಣ್ಣೆಗೆ ಸೋಪಿನ ವಾಸನೆ. ಅಲ್ಲಿಂದ ಈಚೆಗೆ ಬತ್ತಿ ಸುಡದೆ ಒಂದು ಬಾಣಲೆಯೂ ಇಳಿದಿಲ್ಲ.

ಸೋಸಿದ ಮೇಲೂ ನೀರು ಒಳಗೆ ನುಸುಳುವ ದಾರಿ ಎರಡಿವೆ. ಒಂದು, ಬಿಸಿ ಎಣ್ಣೆ ತುಂಬಿ ಮುಚ್ಚಳ ಬಿಗಿದರೆ ಒಳಗಿನ ಆವಿ ತಣ್ಣಗಾಗಿ ಮುಚ್ಚಳದ ಅಡಿ ಹನಿಗಟ್ಟಿ ಮತ್ತೆ ಎಣ್ಣೆಗೇ ಬೀಳುತ್ತದೆ. ಪೂರ್ತಿ ತಣಿಯಲಿ, ಬಟ್ಟೆ ಕಟ್ಟಿ ಮೂರು ದಿನ ತಿಳಿಯಲು ಬಿಡಿ, ತಳದ ಎರಡು ಬೆರಳು ಗಸಿ ಅಲ್ಲೇ ಬಿಟ್ಟು ಮೇಲಿನದು ಮಾತ್ರ ತುಂಬಿ. ಇನ್ನೊಂದು, ಬಾಟಲಿ. ಮಳೆಗಾಲದಲ್ಲಿ ತೊಳೆದ ಬಾಟಲಿ ಕಣ್ಣಿಗೆ ಒಣಗಿದ ಹಾಗೆ ಕಾಣುತ್ತದೆ, ಕುತ್ತಿಗೆಯ ತಿರುವಿನಲ್ಲಿ ನೀರು ಇರುತ್ತದೆ. ಗಾಜಿನ ಬಾಟಲಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಂದು ರಾತ್ರಿ ಬೋರಲು ಹಾಕಿಡಿ. ಕಂದು ಗಾಜು ಇರಲಿ, ಕುತ್ತಿಗೆವರೆಗೂ ತುಂಬಿ, ಗಾಳಿಗೆ ಜಾಗ ಕಡಿಮೆ ಬಿಡಿ. ಖಾಲಿ ಬಾಟಲಿ ವಾಪಸ್ ತಂದವರಿಗೆ ಹಾಗೇ ಮೇಲಿಂದ ಸುರಿದು ಕೊಡಬೇಡಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ತಳದಲ್ಲಿ ಉಳಿದ ಹಳೇ ಎಣ್ಣೆ ಹೊಸದನ್ನೂ ಕೆಡಿಸುತ್ತದೆ.

ಅತ್ತೆಯವರ ಕಬ್ಬಿಣದ ಬಾಣಲೆ ಬಗ್ಗೆ ಹೇಳಲು ಸ್ವಲ್ಪ ಹಿಂಜರಿಕೆ. ಹುಳಿಯಿರುವ ನೆಲ್ಲಿಕಾಯಿ ರಸ ಕಬ್ಬಿಣವನ್ನು ಕರಗಿಸುತ್ತದೆ, ಕಪ್ಪು ಬಣ್ಣ ಬರುವುದು ಅದರಿಂದಲೇ. ಆದರೆ ಕಬ್ಬಿಣವಾಗಲಿ ತಾಮ್ರವಾಗಲಿ ಎಣ್ಣೆಯಲ್ಲಿ ಚೂರೇ ಚೂರು ಇದ್ದರೂ ಗಾಳಿಯಿಂದಾಗುವ ಕೇಡು ಜೋರಾಗುತ್ತದೆ, ತಾಮ್ರವಂತೂ ಇನ್ನೂ ಕೆಟ್ಟದ್ದು. ಕಲಾಯಿ ಹೋದ, ಕಿಲುಬು ಹಿಡಿದ ತಾಮ್ರದ ಪಾತ್ರೆಯ ಹತ್ತಿರ ಹೋಗಬೇಡಿ. ಮಾರುವ ಎಣ್ಣೆಗೆ ದಪ್ಪ ತಳದ ಸ್ಟೀಲ್ ಒಳ್ಳೆಯದು. ಬಾಣಲೆಯನ್ನೇ ಬಳಸಬೇಕೆಂದರೆ ಎಣ್ಣೆಯನ್ನು ಅದರಲ್ಲಿ ರಾತ್ರಿಯಿಡೀ ಬಿಡಬೇಡಿ, ಕಾಯಿಸಿ ತಕ್ಷಣ ಸೋಸಿ.

ಇಷ್ಟು ಸರಿ ಮಾಡಿದ ಮೇಲೆ 'ಏನಾದರೂ ಹಾಕಬಹುದಾ' ಅನ್ನುವ ಪ್ರಶ್ನೆ. ಹಾಕಬಹುದು. ಕೊಬ್ಬರಿ ಎಣ್ಣೆಯ ಕಾಲು ಪಾಲಿನ ಬದಲು ಗಾಣದ ಎಳ್ಳೆಣ್ಣೆ ಹಾಕಿ ಕಾಯಿಸುವುದು ನನಗೆ ಇಷ್ಟವಾದ ದಾರಿ. ಎಳ್ಳಿನಲ್ಲಿರುವ ಸೆಸಮೋಲಿನ್ ಶಾಖಕ್ಕೆ ಸೆಸಮೋಲ್ ಆಗುತ್ತದೆ, ಅದು ಎಣ್ಣೆಯನ್ನು ಗಾಳಿಯಿಂದ ಚೆನ್ನಾಗಿ ಕಾಯುತ್ತದೆ. ತೊಂದರೆ ಅಂದರೆ ವಾಸನೆ ಬದಲಾಗುತ್ತದೆ, ಸ್ವಲ್ಪ ಜಿಡ್ಡು ಅನಿಸುತ್ತದೆ, ಎಳ್ಳಿನ ಅಲರ್ಜಿ ಇರುವವರಿಗೆ ಆಗುವುದಿಲ್ಲ, ಹಾಗಾಗಿ ಲೇಬಲ್ಲಿನಲ್ಲಿ ಬರೆಯಲೇಬೇಕು. ಬೆಣ್ಣೆ ಕಾಯಿಸುವಾಗ ವೀಳ್ಯದೆಲೆ ಹಾಕುವುದು ನಿಮ್ಮ ಮನೆಯಲ್ಲೂ ಇರಬಹುದು. ಅದು ಬರೀ ಪರಿಮಳಕ್ಕಲ್ಲ, ಆ ಎಲೆಯಲ್ಲಿ ತುಪ್ಪವನ್ನು ಕಾಯುವ ಗುಣ ಇದೆ. ಎಣ್ಣೆಯ ಕೊನೆಯ ಹದದಲ್ಲಿ ನಾಲ್ಕು ಒಣ ಎಲೆ ಹಾಕಿ ನೋಡಿ, ನಷ್ಟವೇನಿಲ್ಲ.

ಕಟ್ಟು ಇಲ್ಲದ ವಿಟಮಿನ್ ಇ, ಅಂದರೆ 'ಮಿಕ್ಸ್ಡ್ ಟೋಕೋಫೆರಾಲ್', ಸೋಪು ಕಾಸ್ಮೆಟಿಕ್ ಸಾಮಾನು ಮಾರುವವರಲ್ಲಿ ಸಿಗುತ್ತದೆ. ಲೀಟರಿಗೆ ಅರ್ಧದಿಂದ ಒಂದು ಗ್ರಾಂ ಸಾಕು. ಎಣ್ಣೆ ಉಗುರುಬೆಚ್ಚಗಿರುವಾಗ ಹಾಕಿ. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅಂತಿಲ್ಲ, ಅತಿಯಾದರೆ ಅದೇ ಉಲ್ಟಾ ಕೆಲಸ ಮಾಡುತ್ತದೆ. ರೋಸ್ಮರಿ ಎಕ್ಸ್‌ಟ್ರಾಕ್ಟ್ ಕೂಡ ಒಳ್ಳೆಯದೇ, ಆದರೆ ಪರಿಮಳಕ್ಕೆ ಮಾರುವ ರೋಸ್ಮರಿ ಎಸೆನ್ಶಿಯಲ್ ಆಯಿಲ್ ಬೇರೆ, ಇದು ಬೇರೆ. ಅದನ್ನು ಇದೆಂದು ಕೊಟ್ಟು ದುಡ್ಡು ಕೀಳುವವರಿದ್ದಾರೆ. ಗಾಳಿಯ ಕೇಡು ತಡೆಯುವ ಬಿಎಚ್‌ಟಿ ಅನ್ನುವ ಕೆಮಿಕಲ್ ಅಗ್ಗ, ಲೀಟರಿಗೆ 0.2 ಗ್ರಾಂ ಮೀರಬಾರದು, ಅಷ್ಟು ಸಣ್ಣದನ್ನು ತೂಗುವ ತಕ್ಕಡಿ ಇಲ್ಲದಿದ್ದರೆ ಅದರ ತಂಟೆಗೇ ಹೋಗಬೇಡಿ. ನಿಮ್ಮ ಗಿರಾಕಿಗಳು ಬರುವುದು 'ಕೆಮಿಕಲ್ ಇಲ್ಲ' ಅನ್ನುವ ನಂಬಿಕೆಯ ಮೇಲೆ, ಹಾಗಾಗಿ ನಿಮಗದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಯಾವುದನ್ನೇ ಹಾಕಿ, ಆಗಲೇ ಕೆಟ್ಟ ಎಣ್ಣೆ ಒಳ್ಳೆಯದಾಗುವುದಿಲ್ಲ. ಮತ್ತೆ ಕಾಯಿಸಿದರೂ ಇಲ್ಲ.

ಒಂದು ವರ್ಷ ಇಡಬಹುದಾ? ಹದ, ಬಾಟಲಿ, ಕತ್ತಲೆ ಮೂರೂ ಸರಿಯಿದ್ದರೆ ಆಗುತ್ತದೆ. ಆದರೂ ಲೇಬಲ್ಲಿನಲ್ಲಿ ಆರು ತಿಂಗಳು ಅಂತಲೇ ಹಾಕಿ. ಪ್ರತಿ ಸಲ ಕಾಯಿಸಿದಾಗ ಎರಡು ಬಾಟಲಿ ತಾರೀಖು ಬರೆದು ಕಪಾಟಿನಲ್ಲಿಟ್ಟು ತಿಂಗಳಿಗೊಮ್ಮೆ ಮೂಸಿ, ಪುಸ್ತಕದಲ್ಲಿ ಬರೆದಿಡಿ. ವರ್ಷ ಕಳೆದ ಮೇಲೆ ನಿಮ್ಮ ಪುಸ್ತಕವೇ ಹೇಳುತ್ತದೆ. ವರ್ಷಕ್ಕೊಮ್ಮೆ ಲ್ಯಾಬಿಗೆ ಕೊಟ್ಟು ಆಸಿಡ್ ವ್ಯಾಲ್ಯೂ, ಪೆರಾಕ್ಸೈಡ್ ವ್ಯಾಲ್ಯೂ ನೋಡಿಸಿ. ಗಾಣದ ಖಾದ್ಯ ಎಣ್ಣೆಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಇಟ್ಟ ಮಿತಿ ಮೊದಲನೆಯದಕ್ಕೆ 4, ಎರಡನೆಯದಕ್ಕೆ 15. ನಿಮ್ಮ ಎಣ್ಣೆ ತಿನ್ನುವುದಲ್ಲ, ಆದರೂ ಅಳತೆಗೆ ಅದು ಸಾಕು. ಮೊದಲನೆಯದು ಏರಿದ್ದರೆ ನೀರಿನ ತೊಂದರೆ, ಎರಡನೆಯದು ಏರಿದ್ದರೆ ಗಾಳಿ ಬೆಳಕಿನದು.

ಮಾರುವ ವಿಷಯದಲ್ಲಿ ಒಂದು ಮಾತು. ಲೇಬಲ್ಲಿನ ಮೇಲೆ ಕೂದಲು ಉದುರುವುದಕ್ಕೆ ಔಷಧಿ ಅಂತ ಬರೆದರೆ ಅದು ಆಯುರ್ವೇದ ಔಷಧಿ, ಆಯುಷ್ ಇಲಾಖೆಯ ಲೈಸೆನ್ಸ್ ಬೇಕು. ಬರೀ ಕೂದಲೆಣ್ಣೆ ಅಂದರೂ ಕಾಸ್ಮೆಟಿಕ್ ಲೈಸೆನ್ಸ್ ಕೇಳುತ್ತಾರೆ. ಸಂಘ ಬೆಳೆಯುತ್ತಿದ್ದರೆ ಈಗಲೇ ವಿಚಾರಿಸಿ.

ನೀವು ಕೇಳದೇ ಇದ್ದರೂ ಹೇಳುವುದು: ಕೆಲವರು ಇದೇ ಕ್ರಮದಲ್ಲಿ ಹಸಿ ಬೆಳ್ಳುಳ್ಳಿ ಹಾಕಿದ ಎಣ್ಣೆ ಮಾಡಿ ಹೊರಗೇ ಇಟ್ಟು ಅಡುಗೆಗೂ ಬಳಸುತ್ತಾರೆ. ಹಚ್ಚುವ ಎಣ್ಣೆ ಕೆಟ್ಟರೆ ತುರಿಕೆ ಬಂದೀತು, ಇದು ಹಾಗಲ್ಲ. ಗಾಳಿಯಿಲ್ಲದ ಕಡೆ ಬೆಳೆಯುವ ಬೊಟುಲಿಸಂ ರೋಗಾಣುವಿಗೆ ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿ ಒಳ್ಳೆ ಮನೆ. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಇಂಥದೇ ಬೆಳ್ಳುಳ್ಳಿಯಿಂದ ಮೂವತ್ತಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ವಾಸನೆ, ಬಣ್ಣ ಯಾವುದರಲ್ಲೂ ಅದು ಗೊತ್ತಾಗುವುದಿಲ್ಲ.

ವಾಪಸ್ ಬಂದ ಹದಿನಾಲ್ಕರಲ್ಲಿ ಕೈಬಿಸಿಗೆ ತಿಳಿಯಾಗಿ, ವಾಸನೆಯೂ ಇಲ್ಲದವನ್ನು ಮನೆಯಲ್ಲಿ ಬಳಸಿ. ಉಳಿದವನ್ನು ಯಾರ ತಲೆಗೂ ಹಚ್ಚಬೇಡಿ, ಹೊಸದಕ್ಕೂ ಬೆರೆಸಬೇಡಿ. ಹಣತೆಗೆ ಹಾಕಿ ದೀಪ ಹಚ್ಚಿ. ಚಟಪಟ ಸದ್ದು ಎಷ್ಟು ಹೊತ್ತು ಬರುತ್ತದೆ ಅಂತ ಆರೂ ಜನ ಕೂತು ಕೇಳಿ.